ಧಾರವಾಡ ಕೋಟೆಯೆದುರು 29 ವಾರ

1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದ ಸೀಮೆಗೆ ಪರಶುರಾಮಭಾವು ಪಟವರ್ಧನನ ಹೆಸರು ಹೊಸದಲ್ಲ. ಆ ಮನೆತನದ ಮೂಲಪುರುಷರಲ್ಲಿ ಒಬ್ಬನಾದ ಈತ ಪೇಶ್ವೆಗಳ ದಂಡನಾಯಕ. ಕೃಷ್ಣಾ, ತುಂಗಭದ್ರೆಗಳ ನಡುವಿನ ನಾಡು ಯಾರದೆಂಬ ವ್ಯಾಜ್ಯದಲ್ಲಿ ಮರಾಠರೂ ಮೈಸೂರೂ ಕಾದಾಡುತ್ತಿದ್ದ ಕಾಲವದು.

1790ರ ಸೆಪ್ಟೆಂಬರ್‌ನಲ್ಲಿ ಭಾವು ಧಾರವಾಡಕ್ಕೆ ಮುತ್ತಿಗೆ ಹಾಕಿದ. ಬೆಂಬಲಕ್ಕೆ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಪಡೆ: ಕ್ಯಾಪ್ಟನ್ ಲಿಟ್ಲ್‌ನ ಸಿಪಾಯಿಗಳು, ತೋಪುಗಳು. ಆದರೂ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್ 29 ವಾರ ಕೋಟೆ ಬಿಡಲಿಲ್ಲ. ಹೆಚ್ಚಿನ ನೆರವು ತಂದ ಕರ್ನಲ್ ಫ್ರೆಡರಿಕ್ ಶಿಬಿರದಲ್ಲಿಯೇ ಅಸುನೀಗಿದ. 1791ರ ಏಪ್ರಿಲ್‌ನಲ್ಲಿ ಷರತ್ತಿನ ಮೇಲೆ ಹೊರಬಂದ ಖಾನನ ಮೇಲೆ ಮರಾಠರು ಎರಗಿದ್ದು ಭಾವುವಿನ ಕೀರ್ತಿಗೆ ತಗುಲಿದ ಕಳಂಕವೆನ್ನಬೇಕು.

1792ರ ಶ್ರೀರಂಗಪಟ್ಟಣ ಒಪ್ಪಂದದನ್ವಯ ಧಾರವಾಡ ಮರಾಠರಿಗೆ ದಕ್ಕಿತು. 1799ರಲ್ಲಿ ಪಟ್ಟಣಕುಡಿ ಬಳಿ ಕೊಲ್ಹಾಪುರದವರೊಡನೆ ಹೋರಾಡುತ್ತ ಭಾವು ಮಡಿದ. 1818ರ ಹೊತ್ತಿಗೆ ಧಾರವಾಡ, ಅಂದು ತೋಪು ಕೊಟ್ಟ ಕಂಪನಿಯ ಕೈಸೇರಿತ್ತು.