ಕಾಲಿನ ಹೆಪ್ಪಿನ ಜಾಡು ಹಿಡಿದ ರುಡಾಲ್ಫ್ ವಿರ್ಖೋ

ಹಾಸಿಗೆ ಹಿಡಿದಿದ್ದ ರೋಗಿ ಇನ್ನೇನು ಚೇತರಿಸಿಕೊಂಡರು ಎನ್ನುವಷ್ಟರಲ್ಲಿ, ಒಮ್ಮೆಲೇ ಉಸಿರುಗಟ್ಟಿ ಅಸುನೀಗುವುದುಂಟು. ಬಾಣಂತಿಯರೂ ಹೀಗೆ ತೀರಿಕೊಂಡ ದುಃಖದ ಸಂಗತಿಗಳನ್ನು ನಾವು ಕೇಳಿದ್ದೇವೆ. ತೊಂದರೆ ಕಾಣಿಸುವುದು ಎದೆಯಲ್ಲಾದರೂ ಅದರ ಬೇರು ಅನೇಕ ವೇಳೆ ಕಾಲಿನಲ್ಲಿರುತ್ತದೆ ಎಂಬ ಅರಿವಿಗೆ ಭದ್ರ ಬುನಾದಿ ಹಾಕಿದವರು ಜರ್ಮನಿಯ ರುಡಾಲ್ಫ್ ವಿರ್ಖೋ.

1821ರ ಅಕ್ಟೋಬರ್ 13ರಂದು ಪ್ರಶ್ಯಾ ರಾಜ್ಯದ ಶಿವೆಲ್ಬೈನ್ ಎಂಬ ಸಣ್ಣ ಊರಿನಲ್ಲಿ ಅವರ ಜನನ. ಆ ಊರು ಇಂದು ಪೋಲೆಂಡಿಗೆ ಸೇರಿದೆ. ಸೈನ್ಯಕ್ಕೆ ವೈದ್ಯರನ್ನು ತಯಾರಿಸುವ ಬರ್ಲಿನ್ನಿನ ಸಂಸ್ಥೆಯಲ್ಲಿ ಉಚಿತವಾಗಿ ಓದಿ, 1843ರಲ್ಲಿ ಪದವಿ ಪಡೆದು, ಶಾರಿಟೇ ಆಸ್ಪತ್ರೆಯನ್ನು ಸೇರಿದರು.

ಶ್ವಾಸಕೋಶದ ರಕ್ತನಾಳದಲ್ಲಿ ಸಿಗುವ ಹೆಪ್ಪು ಅಲ್ಲಿಯೇ ಹುಟ್ಟಿದ್ದೆಂಬ ನಂಬಿಕೆ ಆಗ ಬಲವಾಗಿತ್ತು. ವಿರ್ಖೋ ಶವಪರೀಕ್ಷೆಗಳಲ್ಲಿ ಶ್ವಾಸಕೋಶವನ್ನಷ್ಟೇ ನೋಡಿ ಸುಮ್ಮನಾಗದೆ, ದೂರದ ಅಭಿಧಮನಿಗಳನ್ನೂ ಬಿಡಿಸಿ ನೋಡಿದರು. ನಾಯಿಗಳ ರಕ್ತನಾಳದಲ್ಲಿ ಹೆಪ್ಪಿನ ಹಾಗೂ ರಬ್ಬರಿನ ತುಣುಕುಗಳನ್ನು ಇರಿಸಿದಾಗ, ಅವು ಹರಿದು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡವು. ಹೆಪ್ಪು ಪ್ರಯಾಣ ಮಾಡುತ್ತದೆ ಎಂಬುದು ಹೀಗೆ ಸಿದ್ಧವಾಯಿತು. ಇದಕ್ಕೆ ಎಂಬಾಲಿಸಂ ಎಂಬ ಹೆಸರನ್ನು ಕೊಟ್ಟವರೂ ಅವರೇ. ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಗುಣ ಬದಲಾಗುವುದು ಎಂಬ ಮೂರು ಕಾರಣಗಳನ್ನು ಮುಂದಿನವರು ಅವರ ಹೆಸರಿನಿಂದಲೇ ಕರೆದರು.

1848ರಲ್ಲಿ ಮೇಲಣ ಸೈಲೀಸಿಯಾದಲ್ಲಿ ಟೈಫಸ್ ಜ್ವರ ಹಬ್ಬಿದಾಗ ಸರಕಾರ ಅವರನ್ನು ಕಳುಹಿಸಿತು. ಅಲ್ಲಿಯೂ ಅವರು ಬೇರನ್ನೇ ಹುಡುಕಿದರು. ಜನರ ಮಾತು ಪೋಲಿಶ್, ಆಡಳಿತದ ಭಾಷೆ ಜರ್ಮನ್. ಹಸಿವು, ಅವಿದ್ಯೆ, ಅಧಿಕಾರಿಗಳ ಉದಾಸೀನ ಇವೇ ರೋಗಕ್ಕೆ ನೆಲ ಹಸನು ಮಾಡಿವೆ ಎಂದು ವರದಿ ಮಾಡಿ, ಶಿಕ್ಷಣದೊಂದಿಗೆ ಪೋಲಿಶ್ ಭಾಷೆಗೆ ಆಡಳಿತದಲ್ಲಿ ಸ್ಥಾನವನ್ನೂ ಸೂಚಿಸಿದರು. ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ಮಾತಿನ ತೂಕ ಬಿಡಿಸಿ ಹೇಳಬೇಕಾಗಿಲ್ಲ.

ವಿರ್ಖೋ ಶವಪರೀಕ್ಷೆಯಲ್ಲಿ ಕಂಡದ್ದನ್ನು ಇಂದಿನ ವೈದ್ಯರು ಜೀವವಿರುವಾಗಲೇ ಕಾಣಬಲ್ಲರು. ಒಂದೇ ಕಾಲಿನ ಊತ, ಮೀನಖಂಡದ ನೋವು, ಬಿಸಿ, ಬಣ್ಣದ ಬದಲಾವಣೆ ಇವು ಸೂಚನೆಗಳು ಮಾತ್ರ, ಇವುಗಳಿಂದಲೇ ನಿರ್ಧರಿಸಲಾಗದು. ಶಸ್ತ್ರಚಿಕಿತ್ಸೆ, ಹೆರಿಗೆ, ಕ್ಯಾನ್ಸರ್, ದೀರ್ಘಕಾಲದ ಮಲಗುವಿಕೆ ಮುಂತಾದುವನ್ನು ವೈದ್ಯರು ವಿಚಾರಿಸುತ್ತಾರೆ. ಶಂಕೆ ಕಡಿಮೆಯಿದ್ದು, ಡಿ-ಡೈಮರ್ ಎಂಬ ರಕ್ತಪರೀಕ್ಷೆಯೂ ಸರಿಯಿದ್ದರೆ ಹೆಪ್ಪಿಲ್ಲವೆಂದು ಬಹುಮಟ್ಟಿಗೆ ಧೈರ್ಯ ತಾಳಬಹುದು. ಇಲ್ಲವಾದರೆ ಅಲ್ಟ್ರಾಸೌಂಡ್ ಪರೀಕ್ಷೆ. ಉಪಕರಣವನ್ನು ಒತ್ತಿದಾಗ ಆರೋಗ್ಯವಾದ ಅಭಿಧಮನಿ ಚಪ್ಪಟೆಯಾಗುತ್ತದೆ. ಹೆಪ್ಪು ತುಂಬಿದ್ದು ಬಗ್ಗುವುದಿಲ್ಲ. ಆದುದರಿಂದ ಒಂದು ಕಾಲು ಬಾತುಕೊಂಡರೆ, ವೈದ್ಯರು ನೋಡುವ ಮುನ್ನ ಎಣ್ಣೆ ಹಚ್ಚಿ ತಿಕ್ಕುವುದು ತರವಲ್ಲ. ಜೊತೆಗೆ ಉಸಿರಾಟ ಕಷ್ಟವಾದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಜೀವಕೋಶಗಳಲ್ಲಿ ರೋಗದ ಮೂಲವನ್ನು ಅರಸಿದ ಅವರ ಗ್ರಂಥ 1858ರಲ್ಲಿ ಹೊರಬಂತು. ಬರ್ಲಿನ್ ನಗರಸಭೆಯ ಸದಸ್ಯರಾಗಿ ಒಳಚರಂಡಿಗಾಗಿ ದುಡಿದರು. 1902ರ ಜನವರಿಯಲ್ಲಿ ಟ್ರಾಮಿನಿಂದಿಳಿಯುವಾಗ ಬಿದ್ದು ತೊಡೆಯೆಲುಬು ಮುರಿದುಕೊಂಡ ವಿರ್ಖೋ ಅದೇ ವರ್ಷ ಸೆಪ್ಟೆಂಬರ್ 5ರಂದು ನಿಧನರಾದರು. ನೋವು ತೋರಿದಲ್ಲೇ ನಿಲ್ಲದೆ ಅದರ ಮೂಲದವರೆಗೆ ನಡೆಯಬೇಕೆಂಬುದು ಅವರ ಬಾಳು ನಮಗೆ ಕಲಿಸುವ ಪಾಠ.