ನಾಡನ್ನು ಸುತ್ತಿ ಕಂಡ ಬುಕಾನನ್

ಉಜಿರೆ, ಬೆಳ್ತಂಗಡಿಗಳ ಪರಿಸರದಲ್ಲಿ ಸಂಚರಿಸುವವರ ಕಣ್ಣನ್ನು ಮೊದಲು ಸೆಳೆಯುವುದು ಗಡಾಯಿಕಲ್ಲು. ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರಕ್ಕೆ ಏರಿ ನಿಂತಿರುವ ಈ ಹೆಬ್ಬಂಡೆಯ ನೆತ್ತಿಗೆ ಇರುವುದು ಒಂದೇ ಕಿರಿದಾದ ದಾರಿ. ನರಸಿಂಹಗಡವೆಂದು ಹೆಸರಾಗಿದ್ದ ಈ ಸ್ಥಳದಲ್ಲಿ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆಯನ್ನು ಕಟ್ಟಿಸಿ ಜಮಾಲಾಬಾದ್ ಎಂದು ಕರೆದನು. ಇಂದು ಚಾರಣಿಗರು ಉತ್ಸಾಹದಿಂದ ಏರುವ ಈ ಬಂಡೆಯ ಸನ್ನಿಧಿಗೆ 1801ರಲ್ಲಿ ದೂರದೇಶದ ವೈದ್ಯನೊಬ್ಬನು ಬಂದಿದ್ದನು. ಅವನೇ ಫ್ರಾನ್ಸಿಸ್ ಬುಕಾನನ್.

ಬುಕಾನನ್ 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ 1783ರಲ್ಲಿ ಪದವೀಧರನಾದನು. ಔಷಧಿಯ ಗಿಡಮೂಲಿಕೆಗಳ ಪರಿಚಯದಿಂದ ಅವನಲ್ಲಿ ಸಸ್ಯಶಾಸ್ತ್ರದ ಒಲವು ಬೇರೂರಿತು. 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ವೈದ್ಯಸೇವೆಗೆ ಸೇರಿದನು. ಮರುವರ್ಷವೇ ಬರ್ಮಾ ದೇಶಕ್ಕೆ ಹೊರಟ ರಾಯಭಾರಿಗಳೊಡನೆ ಹೋಗಿ ಅಲ್ಲಿಯ ಸಸ್ಯಸಂಪತ್ತನ್ನು ಕಂಡುಬಂದನು.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ, ಹೊಸದಾಗಿ ಕೈಸೇರಿದ ಸೀಮೆಗಳ ಸ್ಥಿತಿಗತಿಗಳನ್ನು ತಿಳಿಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಬಯಸಿದನು. ಆ ಕಾರ್ಯಕ್ಕೆ ನಿಯುಕ್ತನಾದ ಬುಕಾನನ್ 1800ರ ಏಪ್ರಿಲ್ ತಿಂಗಳಲ್ಲಿ ಮದರಾಸನ್ನು ಬಿಟ್ಟನು. ಮೈಸೂರು, ಮಲಬಾರುಗಳನ್ನು ಸುತ್ತಿ, ಮರುವರ್ಷದ ಆರಂಭದಲ್ಲಿ ಕನ್ನಡ ಜಿಲ್ಲೆಯನ್ನು ಪ್ರವೇಶಿಸಿದನು. ಅವನದು ಅವಸರದ ಪಯಣವಲ್ಲ. ದಿನಕ್ಕೆ ಕೆಲವೇ ಹರದಾರಿ ಸಾಗುವುದು, ತಂಗಿದ ಊರಿನ ಮಣ್ಣು, ನೀರು, ಮರ, ಬೆಳೆ, ಕೂಲಿ, ಕಂದಾಯಗಳನ್ನು ವಿಚಾರಿಸುವುದು, ಕಂಡುದನ್ನು ದಿನಾಂಕಸಹಿತ ಬರೆದಿಡುವುದು, ಇದು ಅವನ ಕ್ರಮವಾಗಿತ್ತು.

ಮಂಗಳೂರಿನಿಂದ ಬಂಟ್ವಾಳದ ಮಾರ್ಗವಾಗಿ ಅವನು ಜಮಾಲಾಬಾದಿಗೆ ಬಂದಾಗ ಆ ಕೋಟೆ ಎರಡು ವರ್ಷಗಳೊಳಗೆ ಹಲವು ಕೈ ಬದಲಾಗಿತ್ತು. ಅಲ್ಲಿಂದ ವೇಣೂರಿಗೆ ಹೋಗಿ, 1604ರಲ್ಲಿ ಸ್ಥಾಪಿತವಾದ ಬಾಹುಬಲಿಯನ್ನು ಕಂಡು, ಮೂಡಬಿದಿರೆ, ಕಾರ್ಕಳಗಳ ಮೂಲಕ ಉಡುಪಿಯತ್ತ ಸಾಗಿದನು. ಈ ಸೀಮೆಯ ರೈತರು ಗದ್ದೆಗಳನ್ನು ನೀರಿನ ಆಸರೆಗೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವರು. ಪರದೇಶದವನಾದ ಬುಕಾನನ್ ಈ ಮಾತುಗಳನ್ನು ರೈತರ ನಾಲಗೆಯಿಂದಲೇ ಕೇಳಿ ತನ್ನ ಬರಹದಲ್ಲಿ ಸೇರಿಸಿದನು. ಮುಂದೆ ಕರಾವಳಿಯ ಉದ್ದಕ್ಕೂ ನಡೆದ ಅವನ ಸಂಚಾರವು ಘಟ್ಟವನ್ನೇರಿ, ಬನವಾಸಿ, ಇಕ್ಕೇರಿ, ನಗರಗಳನ್ನು ದಾಟಿ, 1801ರ ಜುಲೈ ತಿಂಗಳಲ್ಲಿ ಮದರಾಸಿನಲ್ಲಿ ಮುಗಿಯಿತು. ಈ ಪ್ರವಾಸದ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಅವನನ್ನು ಕಳುಹಿಸಿದವರ ಉದ್ದೇಶ ಆಡಳಿತ ಮತ್ತು ಆದಾಯ ಎಂಬುದನ್ನು ಮರೆಯಲಾಗದು. ದುಭಾಷಿಗಳ ಮೂಲಕ ಕೇಳಿದುದರಲ್ಲಿ ತಪ್ಪುಗಳೂ ನುಸುಳಿದವು. ಜನರ ಬಗೆಗೆ ಕೆಲವೆಡೆ ಕಟುವಾಗಿಯೂ ತೀರ್ಪು ಕೊಟ್ಟನು. ಆದರೂ ಇನ್ನೂರು ವರ್ಷಗಳ ಹಿಂದಿನ ಕನ್ನಡ ನಾಡಿನ ಹೊಲ, ಕಾಡು, ಕಸುಬುಗಳ ಚಿತ್ರವನ್ನು ಅರಸುವವರು ಇಂದಿಗೂ ಆ ಸಂಪುಟಗಳನ್ನು ತೆರೆಯುತ್ತಾರೆ.

ಅನಂತರ ಅವನು ನೇಪಾಳದಲ್ಲಿ ಸಂಚರಿಸಿದನು. 1807ರಿಂದ ಏಳು ವರ್ಷಗಳ ಕಾಲ ಬಂಗಾಳ ಸೀಮೆಯನ್ನು ಸಮೀಕ್ಷಿಸಿದನು. 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಮರುವರ್ಷ ಸ್ವದೇಶಕ್ಕೆ ಹೊರಟಾಗ, ತಾನು ಬರೆಯಿಸಿದ್ದ ಚಿತ್ರಗಳನ್ನು ಒಯ್ಯಲು ಅವನಿಗೆ ಅನುಮತಿ ದೊರೆಯಲಿಲ್ಲ. ಎದೆಗುಂದದೆ ಅವನು ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು 1822ರಲ್ಲಿ ಹೊರತಂದನು. 1829ರಲ್ಲಿ ನಿಧನನಾದನು. ಚಾರೋಳಿ ಮರದ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ಬುಕಾನನಿಯಾ ಎಂಬ ಹೆಸರು ಅವನ ಸ್ಮಾರಕವಾಗಿದೆ.

ಗಡಾಯಿಕಲ್ಲಿನ ನೆತ್ತಿಯೇರಿ ತಂಗಾಳಿಗೆ ಮೈಯೊಡ್ಡುವುದು ನಿಜಕ್ಕೂ ಆನಂದ. ಆದರೆ ಕೆಳಗೆ ಹರಡಿರುವ ಬೈಲು ಬೆಟ್ಟುಗಳ ಹೆಸರನ್ನೂ, ದಾರಿಯಲ್ಲಿ ನೆರಳಿತ್ತ ಮರದ ಗುಣವನ್ನೂ, ಅಲ್ಲಿ ದುಡಿಯುವವರ ಬಾಳನ್ನೂ ಕೇಳಿ ತಿಳಿದವನಿಗೆ ಆ ಆನಂದವು ಇಮ್ಮಡಿಯಾಗುವುದು. ಹೊರಗಿನಿಂದ ಬಂದವನು ಒಡೆಯರಿಗಾಗಿ ಮಾಡಿದ ಕೆಲಸವನ್ನು ಈ ನೆಲದಲ್ಲೇ ಹುಟ್ಟಿದವರು ಪ್ರೀತಿಗಾಗಿ ಮಾಡಬಹುದು.