ಶೇಷಾದ್ರಿ ಅಯ್ಯರ್: ನೀರು ತಂದರು, ಕರೆಂಟ್ ನೋಡಲಿಲ್ಲ

ಶೇಷಾದ್ರಿಪುರ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಮೆಜೆಸ್ಟಿಕ್ ದಾರೀಲಿ ಸಿಗೋ ಒಂದು ಏರಿಯಾ, ಅಷ್ಟೆ. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ ಮುಂದಿರೋ ಪ್ರತಿಮೆಯೂ ಅದೇ ಹೆಸರಿನವರದ್ದು. ಎಂಜಿನಿಯರಿಂಗ್ ಓದ್ತಿರೋ ನಾವು ಈ ಮನುಷ್ಯನ ಬಗ್ಗೆ ಸ್ವಲ್ಪ ತಿಳಿದುಕೊಳ್ಳಬೇಕು. ಅವರು ಎಂಜಿನಿಯರ್ ಅಲ್ಲ ಅನ್ನೋದೇ ಇದರಲ್ಲಿ ವಿಶೇಷ.

ಕೆ. ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರಲ್ಲಿ, ಈಗಿನ ಕೇರಳದ ಪಾಲಕ್ಕಾಡ್ ಸೀಮೆಯಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ 1868ರಲ್ಲಿ ಮೈಸೂರು ಸೇವೆಗೆ ಸೇರಿದರು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ದೊಡ್ಡ ಹುದ್ದೆಗಳಲ್ಲಿ ಹೆಚ್ಚಿನವು ಬಿಳಿಯರ ಪಾಲು. ಅಂಥ ಕಾಲದಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬಂದು, ನಡುವೆ ಕಾನೂನು ಪದವಿಯನ್ನೂ ಪಡೆದು, 1879ರಲ್ಲಿ ತುಮಕೂರಿನ ಡೆಪ್ಯುಟಿ ಕಮಿಷನರ್ ಆದರು.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಮೊದಲ ದಿವಾನ ರಂಗಾಚಾರ್ಲು 1883ರಲ್ಲಿ ತೀರಿಕೊಂಡಾಗ ಆ ಜಾಗಕ್ಕೆ ಬಂದವರು 37ರ ಶೇಷಾದ್ರಿ ಅಯ್ಯರ್. ಸಿಕ್ಕಿದ್ದು ಸುಖದ ಕುರ್ಚಿಯೇನಲ್ಲ. 1876–78ರ ಬರಗಾಲ ಲಕ್ಷಾಂತರ ಜನರನ್ನು ನುಂಗಿತ್ತು, ಖಜಾನೆ ಬರಿದಾಗಿತ್ತು. ತಪ್ಪು ಹೆಜ್ಜೆ ಇಟ್ಟರೆ ಬ್ರಿಟಿಷರು ಮತ್ತೆ ಮೂಗು ತೂರಿಸೋ ಭಯವೂ ಇತ್ತು. ಅವರು ರೈಲು, ಕೆರೆ, ಚಿನ್ನದ ಗಣಿ ಈ ಮೂರನ್ನೂ ಹಿಡಿದು ಆದಾಯ ಬೆಳೆಸಿದರು.

ನಮ್ಮ ಕಡೆಗೆ ಸಂಬಂಧಿಸಿದ ಕೆಲಸ ಅಂದ್ರೆ ಹೆಸರಘಟ್ಟ. ಅಲ್ಲಿವರೆಗೆ ಊರಿನ ಒಳಗಿನ, ಸುತ್ತಲಿನ ಕೆರೆಗಳೇ ಬೆಂಗಳೂರಿಗೆ ಆಧಾರ. 1894ರಲ್ಲಿ ಅರ್ಕಾವತಿ ನೀರನ್ನು ಹೆಸರಘಟ್ಟದಲ್ಲಿ ಹಿಡಿದು, ಸೋಲದೇವನಹಳ್ಳಿಯಿಂದ ಸ್ಟೀಮ್ ಎಂಜಿನ್ನಿನಲ್ಲಿ ಪಂಪ್ ಮಾಡಿ ನಗರಕ್ಕೆ ಕಳಿಸೋ ಯೋಜನೆ ಕೈಗೊಂಡರು. 1896ರ ಹೊತ್ತಿಗೆ ಪೇಟೆಗೆ ಪೈಪಿನ ನೀರು ಬಂತು. ಬೆಂಗಳೂರು ದೂರದ ನದಿ ನೀರಿಗೆ ಕೈಚಾಚಿದ್ದು ಅಲ್ಲಿಂದ ಶುರು. ಆ ಕೈ ಈಗ ಕಾವೇರಿವರೆಗೂ ಹೋಗಿದೆ.

ಇಷ್ಟಾದರೂ ಎಲ್ಲರೂ ಅವರನ್ನು ಮೆಚ್ಚಿದರು ಅಂತಲ್ಲ. ಅಧಿಕಾರ ಪೂರ್ತಿ ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದಾರೆ, ಮದ್ರಾಸಿನಿಂದ ಬಂದವರಿಗೇ ದೊಡ್ಡ ಕೆಲಸ ಕೊಡ್ತಾರೆ ಅನ್ನೋ ದೂರು ಜೋರಾಗಿತ್ತು. ಮೈಸೂರಿನವರು, ಮದ್ರಾಸಿನವರು ಅಂತ ಎರಡು ಗುಂಪಾಗಿತ್ತು. ದೂರಿನಲ್ಲಿ ಹುರುಳಿಲ್ಲ ಅನ್ನೋಕಾಗಲ್ಲ. ಈ ನೆಲದ ಓದಿದ ಹುಡುಗರಿಗೆ ತಮ್ಮ ಸರದಿ ಯಾವಾಗ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಮುಂದಿನ ದಶಕಗಳ ಮೈಸೂರು ರಾಜಕೀಯಕ್ಕೆ ಬೀಜ ಬಿದ್ದಿದ್ದೂ ಇಲ್ಲೇ.

1894ರ ಕೊನೆಗೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡರು. ಮಗನಿಗೆ ಹತ್ತು ವರ್ಷ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದರು, ಆಡಳಿತದ ಭಾರ ದಿವಾನರ ಮೇಲೆ ಬಿತ್ತು. 1898ರಲ್ಲಿ ಪ್ಲೇಗ್ ಬೆಂಗಳೂರನ್ನು ಹಿಡಿಯಿತು. ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಬರುವಂತೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅದೇ ವರ್ಷ ಮಾರಿಕಣಿವೆ ಅಣೆಕಟ್ಟಿನ ಕೆಲಸವೂ ಶುರುವಾಯಿತು.

ಕೊನೆಯ ದೊಡ್ಡ ಪಂದ್ಯ ಶಿವನಸಮುದ್ರ. ಕಾವೇರಿ ಜಲಪಾತದಿಂದ ಕರೆಂಟ್ ತೆಗೆದು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಕಳಿಸೋದು! ಅಷ್ಟುದ್ದದ ಲೈನ್ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ತಾಂತ್ರಿಕ ಯೋಜನೆ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರದ್ದು. ಸಂಸ್ಥಾನದ ದುಡ್ಡನ್ನು ಅದಕ್ಕೆ ಕಟ್ಟಿದ ಧೈರ್ಯ ದಿವಾನರದ್ದು. ಆದರೆ ಕಣ್ಣುಮುಚ್ಚಿ ಕಟ್ಟಲಿಲ್ಲ, ಕರೆಂಟ್ ಕೊಳ್ಳೋರು ಗಣಿಯವರು ಅಂತ ಗೊತ್ತು ಮಾಡಿಕೊಂಡೇ ಇಳಿದರು. ಪ್ರಾಜೆಕ್ಟ್ ರಿಪೋರ್ಟ್ ಬರೆಯೋ ನಾವು ಗಮನಿಸಬೇಕಾದ್ದು ಇದನ್ನೇ.

1901ರಲ್ಲಿ ಆರೋಗ್ಯ ಕೆಟ್ಟು ಹುದ್ದೆ ಬಿಟ್ಟರು. ಅದೇ ಸೆಪ್ಟೆಂಬರ್ 13ರಂದು ತೀರಿಕೊಂಡರು. ಶಿವನಸಮುದ್ರದ ಕರೆಂಟ್ ಕೋಲಾರ ಮುಟ್ಟಿದ್ದು 1902ರ ಜೂನ್ 30ಕ್ಕೆ. ಬೆಂಗಳೂರಿನ ಬೀದಿ ದೀಪ ಉರಿದದ್ದು 1905ರಲ್ಲಿ.